ಕಾಯಕದ ತೃಪ್ತಿಯೂ ಆಯುಷ್ಯದ ಹಂತಗಳೂ

ಮನುಷ್ಯನ ಆಯುಷ್ಯದ ದೊಡ್ಡ ಪಾಲು ದುಡಿಮೆಯಲ್ಲಿಯೇ ಕಳೆಯುವದು. ಇಪ್ಪತ್ತರ ಆಸುಪಾಸಿನಲ್ಲಿ ಕೆಲಸಕ್ಕೆ ನಿಂತು ಅರುವತ್ತಕ್ಕೆ ವಿರಮಿಸುವವನು ನಾಲ್ವತ್ತು ವರುಷಗಳ ಹಗಲನ್ನು ಅದಕ್ಕೆ ಒಪ್ಪಿಸಿರುತ್ತಾನೆ. ಹೀಗಿರುವಾಗ ದುಡಿಮೆಯಲ್ಲಿ ಸಂತೋಷವಿಲ್ಲದವನಿಗೆ ಬಾಳಿನಲ್ಲಿ ಸಂತೋಷವು ದೊರೆಯುವದು ದುರ್ಲಭ. ಸಂಜೆ ಮನೆಗೆ ಮರಳುವ ಗೃಹಸ್ಥನು ಪಗಾರವನ್ನಷ್ಟೇ ತರುವದಿಲ್ಲ. ಹಗಲೆಲ್ಲ ಉಂಡ ಉಲ್ಲಾಸವನ್ನೋ ಬೇಸರವನ್ನೋ ತನ್ನೊಡನೆ ತರುತ್ತಾನೆ. ಅದನ್ನು ಮಡದಿ ಮಕ್ಕಳೂ ಉಣ್ಣಬೇಕಾಗುವದು.

ಕೆಲಸಕ್ಕೆ ಸೇರಿದ ಮೊದಲ ದಿನದ ಹುರುಪು ಕೊನೆಯ ದಿನದವರೆಗೆ ಹಾಗೆಯೇ ಉಳಿಯುವದಿಲ್ಲವೆಂಬದು ಎಲ್ಲರ ಅನುಭವ. ಹುರುಪು ತಗ್ಗಿದಾಗ ಕೆಲವರು ಕೆಲಸವನ್ನೇ ಹಳಿಯುವರು. ಕೆಲವರು ತಮ್ಮ ದೈವವನ್ನು ಹಳಿಯುವರು. ಇನ್ನು ಕೆಲವರು ತಾವು ಅಯೋಗ್ಯರೆಂದು ಒಳಗೊಳಗೇ ಕೊರಗುವರು. ಈ ಮೂರೂ ಸರಿಯಾದ ದಾರಿಗಳಲ್ಲ. ತೃಪ್ತಿಯು ಆಯುಷ್ಯದ ಒಂದೊಂದು ಹಂತದಲ್ಲಿ ಒಂದೊಂದು ಸೆಲೆಯಿಂದ ಒಸರುವದು. ಒಂದು ಸೆಲೆ ಬತ್ತಿತೆಂದರೆ ಬಾವಿಯೇ ಬತ್ತಿತೆಂದು ತಿಳಿಯಲಾಗದು. ಮುಂದಿನ ಸೆಲೆ ಯಾವದೆಂಬದನ್ನು ಅರಿತು ಅಲ್ಲಿ ಅಗೆಯಬೇಕು. ಇದನ್ನು ತಿಳಿಯುವದಕ್ಕೆ ಶರಣರ ಕಾಯಕತತ್ತ್ವದಲ್ಲಿ ಬೇಕಾದಷ್ಟು ಬೆಳಕಿದೆ.

ಕಾಯಕವೆಂದರೆ ಯಾವದು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದುಡಿಮೆಗೆ ಕಾಯಕವೆಂಬ ಹೆಸರಿಟ್ಟರು. ದೋಣಿ ನಡೆಸುವವನು, ಬುಟ್ಟಿ ಹೆಣೆಯುವವನು, ಬಟ್ಟೆ ಮಡಿ ಮಾಡುವವನು, ಭತ್ತ ಕುಟ್ಟುವವಳು, ನೂಲು ತೆಗೆಯುವವಳು, ಇವರೆಲ್ಲರೂ ಅಲ್ಲಿ ಸಮಾನರಾಗಿ ಕುಳಿತರು. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಕೊಟ್ಟಣದ ಸೋಮವ್ವೆ, ಕದಿರ ರೆಮ್ಮವ್ವೆ ಎಂದು ಕಾಯಕವೇ ಅವರ ಹೆಸರಿನ ಮುಂದೆ ಬಿರುದಾಗಿ ನಿಂತಿತು. ಆದರೆ ಎಲ್ಲ ದುಡಿಮೆಯೂ ಕಾಯಕವಾಗದು. ಅದು ಮೂರು ಲಕ್ಷಣಗಳನ್ನು ಹೊಂದಿರತಕ್ಕದ್ದು. ಮೊದಲನೆಯದಾಗಿ, ಅದು ಸತ್ಯಶುದ್ಧವಾಗಿರಬೇಕು. ಮೋಸ, ಹಿಂಸೆಗಳ ಸೋಂಕು ಇರಬಾರದು. ಎರಡನೆಯದಾಗಿ, ಅದರ ಫಲವು ದಾಸೋಹಕ್ಕೆ ಸಲ್ಲಬೇಕು. ತನ್ನ ಹೊಟ್ಟೆಯೊಂದೇ ಅದರ ಗುರಿಯಾಗಬಾರದು. ಮೂರನೆಯದಾಗಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸಬೇಕು. ಸಾಲದೆಂಬ ಕೊರಗಾಗಲಿ ನನ್ನದೆಂಬ ಸೊಕ್ಕಾಗಲಿ ಕೂಡದು.

ದುಡಿಮೆಯಲ್ಲಿ ಸತ್ಯ, ದುಡಿಮೆಯ ಆಚೆಗೆ ಅನ್ಯರು, ದುಡಿಮೆಯ ಕೊನೆಗೆ ಸಮಾಧಾನ ಎಂಬ ಈ ಮೂರೂ ಇದ್ದಲ್ಲಿ ತೃಪ್ತಿ ಇದ್ದೇ ಇರುವದು. ವಯಸ್ಸು ಏರಿದಂತೆ ಈ ಮೂರರಲ್ಲಿ ಯಾವದಕ್ಕೆ ಹೆಚ್ಚು ನೀರೆರೆಯಬೇಕೆಂಬದು ಮಾತ್ರ ಬದಲಾಗುತ್ತ ಹೋಗುವದು.

ಭಕ್ತಿಯೂ ರೂಪವನ್ನು ಬದಲಿಸುವದು

ಹುರುಪು ಬದಲಾಗುವದು ದೋಷವಲ್ಲವೆಂಬದಕ್ಕೆ ಷಟ್ಸ್ಥಲ ಸಿದ್ಧಾಂತವೇ ಸಾಕ್ಷಿ. ಅಲ್ಲಿ ಭಕ್ತಿಯು ಮೊದಲಿನಿಂದ ಕೊನೆಯವರೆಗೆ ಒಂದೇ ಬಣ್ಣದ್ದಾಗಿ ಇರುವದಿಲ್ಲ. ಭಕ್ತನಲ್ಲಿ ಅದು ಶ್ರದ್ಧಾಭಕ್ತಿ, ಮಹೇಶನಲ್ಲಿ ನಿಷ್ಠಾಭಕ್ತಿ, ಪ್ರಸಾದಿಯಲ್ಲಿ ಅವಧಾನಭಕ್ತಿ, ಪ್ರಾಣಲಿಂಗಿಯಲ್ಲಿ ಅನುಭವಭಕ್ತಿ, ಶರಣನಲ್ಲಿ ಆನಂದಭಕ್ತಿ, ಐಕ್ಯನಲ್ಲಿ ಸಮರಸಭಕ್ತಿ. ಶ್ರದ್ಧೆಯು ನಿಷ್ಠೆಯಾಗಿ ಮಾಗಿದಾಗ ಶ್ರದ್ಧೆ ಸತ್ತಿತೆಂದು ಯಾರೂ ಅಳುವದಿಲ್ಲ. ಅದು ಬೆಳೆಯಿತೆಂದೇ ತಿಳಿಯುವರು.

ಷಟ್ಸ್ಥಲಗಳು ವಯಸ್ಸಿನ ಮೆಟ್ಟಿಲುಗಳಲ್ಲ. ಇಪ್ಪತ್ತರ ಯುವಕನು ಶರಣಸ್ಥಲವನ್ನು ಮುಟ್ಟಿರಬಹುದು. ಎಂಬತ್ತರ ಮುದುಕನು ಭಕ್ತಸ್ಥಲದ ಹೊಸ್ತಿಲಲ್ಲಿಯೇ ನಿಂತಿರಬಹುದು. ಆದರೂ ಅಲ್ಲಿ ಹೇಳಿದ ಭಕ್ತಿಯ ಆರು ರೂಪಗಳನ್ನು ದೃಷ್ಟಾಂತವಾಗಿ ಹಿಡಿದು ಗೃಹಸ್ಥನು ತನ್ನ ದುಡಿಮೆಯ ಹಂತಗಳನ್ನು ಪರೀಕ್ಷಿಸಿಕೊಳ್ಳಲು ಅಡ್ಡಿಯಿಲ್ಲ.

ಇದಕ್ಕೆ ಉದಾಹರಣೆಗಳನ್ನು ದೂರದಿಂದ ತರಬೇಕಾಗಿಲ್ಲ. ಘಟಪ್ರಭೆಯ ನೀರುಂಡ ಗೋಕಾಕ, ಮೂಡಲಗಿ, ಹುಕ್ಕೇರಿಯ ನೆಲದಲ್ಲಿ ಬಗೆಬಗೆಯ ಕಾಯಕಗಳು ನಡೆದು ಬಂದಿವೆ. ಗೋಕಾಕದ ಜಲಪಾತದಲ್ಲಿ ನದಿಯು ಸುಮಾರು 52 ಮೀಟರಿನಷ್ಟು ಆಳಕ್ಕೆ ಧುಮುಕುವದು. ಆ ನೀರಿನ ಬಲವನ್ನು ನಂಬಿ ಅಲ್ಲಿ 1887ರಲ್ಲಿ ನೂಲಿನ ಗಿರಣಿಯು ಆರಂಭವಾಯಿತು. ಧೂಪದಾಳದ ಒಡ್ಡೂ ಹಿಡಕಲ್ಲಿನ ಅಣೆಕಟ್ಟೂ ಹೊಲಗಳಿಗೆ ನೀರುಣಿಸಿ ಕಬ್ಬನ್ನು ಬೆಳೆಸಿದವು. 2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಒಕ್ಕಲು ಮನೆಗಳು ಇಂದಿಗೂ ಆ ಕಬ್ಬನ್ನು ನಂಬಿವೆ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ನೋಂದಣಿಯಾಗಿ, ಜನರೇ ಸದಸ್ಯರಾಗಿ ತಮ್ಮ ಹಳ್ಳಿಗಳಿಗೆ ದೀಪವನ್ನು ತಂದುಕೊಂಡರು. ಇವರ ದುಡಿಮೆಯನ್ನು ಕಣ್ಣಮುಂದಿಟ್ಟುಕೊಂಡು ಒಂದೊಂದೇ ಹಂತವನ್ನು ವಿಚಾರಿಸಬಹುದು.

ಮೊದಲ ಹಂತ: ಶ್ರದ್ಧೆ

ಕೆಲಸಕ್ಕೆ ಹೊಸದಾಗಿ ಸೇರಿದವನಿಗೆ ಎಲ್ಲವೂ ಹೊಸದು. ನೂಲಿನ ಗಿರಣಿಯ ಹೊಸ ಆಳಿಗೆ ಕಡಿದ ಎಳೆಯನ್ನು ಬೆರಳ ತುದಿಯಿಂದ ಜೋಡಿಸಲು ಬಂದ ದಿನವೇ ಹಬ್ಬ. ಹೊಸ ಮಾಸ್ತರನಿಗೆ ಒಂದನೆಯ ಇಯತ್ತೆಯ ಮಗುವು ಮೊದಲ ಬಾರಿಗೆ ತನ್ನ ಹೆಸರನ್ನು ಬರೆದುದೇ ಸಂಭ್ರಮ. ಮೊದಲ ಪಗಾರವನ್ನು ತಾಯಿಯ ಕೈಯಲ್ಲಿಟ್ಟ ಸುಖವು ಮುಂದೆ ಎಷ್ಟು ಹಣ ಬಂದರೂ ಮರಳಿ ದೊರೆಯದು. ಈ ಹಂತದಲ್ಲಿ ತೃಪ್ತಿಯ ಸೆಲೆ ಕಲಿಕೆ. ತಾನು ನಿನ್ನೆ ಅರಿಯದುದನ್ನು ಇಂದು ಅರಿತೆನೆಂಬ ಭಾವವೇ ಆಯಾಸವನ್ನು ಮರೆಯಿಸುವದು.

ಶ್ರದ್ಧೆಗೆ ಒಂದು ಅಪಾಯವುಂಟು. ಹೊಸಬನು ಕೆಲಸದ ಬಗ್ಗೆ ಮನಸ್ಸಿನಲ್ಲಿ ಒಂದು ಚಿತ್ರವನ್ನು ಕಟ್ಟಿಕೊಂಡು ಬಂದಿರುವನು. ನಿಜವಾದ ಕೆಲಸವು ಆ ಚಿತ್ರದಂತೆ ಇರುವದಿಲ್ಲ. ಕಾಗದಪತ್ರ, ಕಾಯುವಿಕೆ, ಮೇಲಿನವರ ಗದರಿಕೆ, ಒಂದೇ ಬಗೆಯ ಕೆಲಸದ ಮರುಕಳಿಕೆ, ಇವು ಚಿತ್ರದಲ್ಲಿ ಇದ್ದಿರಲಿಲ್ಲ. ಆಗ ಅವನ ಉಮೇದು ಇಳಿಯುವದು. 1996ರಲ್ಲಿ ಕ್ಲಾರ್ಕ್, ಆಸ್ವಾಲ್ಡ್, ವಾರ್ ಎಂಬ ಮೂವರು ವಿದ್ವಾಂಸರು ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ನೌಕರರ ಉತ್ತರಗಳನ್ನು ಪರಿಶೀಲಿಸಿ, ಕೆಲಸದ ತೃಪ್ತಿಯು ಹದಿಹರೆಯದಲ್ಲಿ ಮೇಲಿದ್ದು, ಮೂವತ್ತರ ಆಸುಪಾಸಿನಲ್ಲಿ ಕೆಳಗಿಳಿದು, ಅನಂತರ ಮೆಲ್ಲಮೆಲ್ಲನೆ ಮತ್ತೆ ಏರುವದೆಂದು ತೋರಿಸಿದರು. ತೊಟ್ಟಿಲಿನ ಬಗ್ಗಿನಂತಿರುವ ಈ ರೇಖೆಯು ಪ್ರತಿಯೊಬ್ಬನ ಹಣೆಬರಹವೇನೂ ಅಲ್ಲ. ಆದರೂ ಇಳಿತವು ತನಗೊಬ್ಬನಿಗೇ ಬಂದ ಶಾಪವಲ್ಲವೆಂದು ತರುಣನು ಇದರಿಂದ ತಿಳಿಯಬಹುದು.

ಎರಡನೆಯ ಹಂತ: ನಿಷ್ಠೆ

ಇಳಿತವನ್ನು ದಾಟಿಸುವದು ನಿಷ್ಠೆ. ಶ್ರದ್ಧೆಯು ಮನಸ್ಸಿನ ಒಲವನ್ನು ಅವಲಂಬಿಸಿದೆ. ನಿಷ್ಠೆಯು ಒಲವು ಇಲ್ಲದ ದಿನವೂ ನಿಲ್ಲುವದು. ನುಲಿಯ ಚಂದಯ್ಯನು ಕೆರೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುತ್ತಿದ್ದ ಶರಣ. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗವು ನೀರಿಗೆ ಜಾರಿತೆಂದೂ ಅವನು ಅದಕ್ಕಾಗಿ ಕೈಗೊಂಡ ಕಾಯಕವನ್ನು ಬಿಡದೆ ಹುಲ್ಲಿನ ಹೊರೆ ಹೊತ್ತು ನಡೆದನೆಂದೂ ಶೂನ್ಯಸಂಪಾದನೆಯ ಪರಂಪರೆ ಹೇಳುವದು. ಲಿಂಗವೇ ಅವನ ಬೆನ್ನ ಹಿಂದೆ ಬಂದಿತು; ಮಡಿವಾಳ ಮಾಚಯ್ಯನು ನಡುವೆ ನಿಂತು ಇಬ್ಬರನ್ನೂ ಕೂಡಿಸಬೇಕಾಯಿತು. ಲಿಂಗಕ್ಕೂ ಕಾಯಕ ತಪ್ಪದೆಂಬ ಮಟ್ಟಿಗೆ ಆ ಶರಣನ ನಿಷ್ಠೆ ಏರಿತ್ತು.

ಈ ಕಥೆಯನ್ನು ಲಿಂಗದ ಅನಾದರವೆಂದು ಗ್ರಹಿಸಲಾಗದು. ಮನಸ್ಸಿಗೆ ಹಿತವಾದುದು ಕೈ ತಪ್ಪಿ ಹೋದ ಗಳಿಗೆಯಲ್ಲಿಯೂ ಕೈಯ ಕೆಲಸವನ್ನು ಬಿಡದಿರುವದೇ ನಿಷ್ಠೆಯೆಂಬದು ಅದರ ತಾತ್ಪರ್ಯ. ಮೂವತ್ತರ ಹರೆಯದಲ್ಲಿ ಮದುವೆ, ಮಕ್ಕಳು, ಮನೆಯ ಸಾಲ, ತಂದೆತಾಯಿಗಳ ಔಷಧ ಎಲ್ಲವೂ ಒಮ್ಮೆಲೇ ಹೆಗಲಿಗೇರುವವು. ಕೆಲಸದ ರುಚಿ ಇಳಿದಿರುವದು, ಹೊಣೆ ಏರಿರುವದು. ಈ ಹೊತ್ತಿನಲ್ಲಿ ಗೃಹಸ್ಥನಿಗೆ ಆಧಾರವಾಗುವದು ದಾಸೋಹಭಾವ. ತಾನು ಯಾರಿಗಾಗಿ ದುಡಿಯುತ್ತಿರುವೆನೆಂಬದು ಕಣ್ಣಿಗೆ ಕಾಣುತ್ತಿದ್ದರೆ ಹೊರೆಯು ಹಗುರವಾಗುವದು. ಮಳೆಗಾಲದ ರಾತ್ರಿ ಕಂಬವೇರಿ ತಂತಿಯನ್ನು ಜೋಡಿಸಿದ ಲೈನ್‌ಮನ್ನನು ಕೆಳಗಿಳಿಯುವಷ್ಟರಲ್ಲಿ ಇಡೀ ಓಣಿಯ ದೀಪಗಳು ಹೊತ್ತಿಕೊಳ್ಳುವವು. ತನ್ನ ಕೈಕೆಲಸದ ಫಲವನ್ನು ಅವನು ಕಣ್ಣಾರೆ ಕಾಣುವನು. ಗಿರಣಿಯಲ್ಲಿ ನೂಲುವವನಿಗೆ ಈ ಭಾಗ್ಯವಿಲ್ಲ. ಅವನ ನೂಲು ಯಾರ ಮಗ್ಗಕ್ಕೆ ಹೋಯಿತೋ, ಯಾರ ಮೈಯನ್ನು ಮುಚ್ಚಿತೋ ಅವನಿಗೆ ತಿಳಿಯದು. ಫಲವು ಕಾಣದಷ್ಟು ದೂರದಲ್ಲಿದ್ದವನು ಮನಸ್ಸಿನಲ್ಲಿ ಅದನ್ನು ಕಂಡುಕೊಳ್ಳಬೇಕು. ಅವನ ಮೇಲಿನವರು ಅದನ್ನು ಅವನಿಗೆ ತೋರಿಸಿ ಕೊಡಬೇಕು.

ಮೂರನೆಯ ಹಂತ: ಅವಧಾನ

ನಾಲ್ವತ್ತು ದಾಟಿದ ಬಳಿಕ ಬರುವ ಹಂತವು ಎಲ್ಲಕ್ಕಿಂತ ಕಠಿಣ. ಈಗ ಕೆಲಸವು ಕಷ್ಟವಲ್ಲ; ಅದು ತೀರ ಸುಲಭವಾಗಿರುವದೇ ಕಷ್ಟ. ಕೈಗೆ ಎಲ್ಲವೂ ಬರುವದು, ಆದುದರಿಂದ ಮನಸ್ಸು ಬೇಕಾಗುವದಿಲ್ಲ. ಮಾಸ್ತರನಿಗೆ ಪಾಠವು ಬಾಯಿಪಾಠ. ಕಾರಕೂನನಿಗೆ ಕಡತವು ಕಣ್ಣುಮುಚ್ಚಿ ಸಹಿ ಮಾಡುವಷ್ಟು ಪರಿಚಿತ. ಕರ್ನಾಟಕದ ಸರಕಾರಿ ಸೇವೆಯಲ್ಲಿ ಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ ಉಳಿದವರಿಗೆ 10 ವರುಷ ತುಂಬಿದಾಗ ಕಾಲಬದ್ಧ ಬಡ್ತಿಯನ್ನೂ 15 ವರುಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿಯನ್ನೂ ಕೊಡುವ ನಿಯಮಗಳಿವೆ. ಅವುಗಳಿಂದ ವೇತನದ ಶ್ರೇಣಿಯು ಏರುವದು. ಕುರ್ಚಿ, ಕಡತ, ಕೆಲಸ ಮಾತ್ರ ಅವೇ ಆಗಿರುವವು. ಹಣದ ನ್ಯಾಯ ದೊರೆತರೂ ಮನದ ಬರವು ನೀಗುವದಿಲ್ಲ.

ರಾಲ್ಫ್ ಕಾಟ್ಜ್ ಎಂಬ ಅಮೇರಿಕದ ವಿದ್ವಾಂಸನು ಸರಕಾರಿ ಸಂಸ್ಥೆಗಳ ಸುಮಾರು ಮೂರು ಸಾವಿರ ನೌಕರರನ್ನು ವಿಚಾರಿಸಿ 1978ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಹೊಸಬರು ತಮ್ಮ ಕೆಲಸದ ಮಹತ್ತ್ವವನ್ನು ಅರಿತಾಗ ಹಿಗ್ಗುವರು. ಕೆಲವು ಕಾಲದ ಮೇಲೆ ಸ್ವಾತಂತ್ರ್ಯ, ವೈವಿಧ್ಯಗಳಿಗೆ ಬೆಲೆ ಕೊಡುವರು. ಆದರೆ ಒಂದೇ ಹುದ್ದೆಯಲ್ಲಿ ಬಹುಕಾಲ ಉಳಿದವರ ಮನಸ್ಸು ಕೆಲಸದ ಯಾವ ಗುಣಕ್ಕೂ ಸ್ಪಂದಿಸದಂತಾಗಿ, ಪಗಾರ, ಮೇಲಿನವರ ನಡತೆ, ಜೊತೆಯವರ ಸಂಗ ಇವುಗಳತ್ತ ತಿರುಗುವದೆಂದು ಅವನು ಕಂಡನು. ಇದನ್ನು ಓದಿದಾಗ ಸಮೀಪದ ಯಾವದೋ ಕಚೇರಿಯನ್ನೇ ನೋಡಿ ಬರೆದಂತೆ ಅನಿಸುವದು. ಕೆಲಸದಿಂದ ಮನಸ್ಸು ಎದ್ದು ಹೋದಾಗ ಅದು ಸುಮ್ಮನೆ ಇರುವದಿಲ್ಲ. ಪಕ್ಕದವನ ತಟ್ಟೆಯನ್ನು ನೋಡಲು ತೊಡಗುವದು. ತನ್ನ ನಂತರ ಬಂದವನಿಗೆ ಬಡ್ತಿಯಾಯಿತು, ತನ್ನ ಜೊತೆ ಓದಿದವನು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದನು, ತಮ್ಮನ ಹೊಲಕ್ಕೆ ಕಾಲುವೆಯ ನೀರು ಬಂದಿತು, ಹೀಗೆ ಲೆಕ್ಕ ಬೆಳೆಯುವದು.

ಆಯ್ದಕ್ಕಿ ದಂಪತಿಗಳ ಪ್ರಸಂಗವು ಇಲ್ಲಿಯೇ ಸ್ಮರಣೀಯ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಅಗತ್ಯಕ್ಕೆ ಮೀರಿದ ಆಸೆಯು ಶಿವನಿಗೆ ಸಲ್ಲದೆಂದು ತಿಳಿಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಕಳುಹಿದಳು. ಅದೇ ಲಕ್ಕಮ್ಮನು ಇನ್ನೊಮ್ಮೆ ಗಂಡನು ತತ್ತ್ವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಕಾಯಕಕ್ಕೆ ಹೊತ್ತಾಯಿತೆಂದು ಅವನನ್ನು ಎಬ್ಬಿಸಿದಳು. ಒಂದು ಕಡೆ ಹೆಚ್ಚಾದುದನ್ನು ತಡೆದಳು, ಇನ್ನೊಂದು ಕಡೆ ಕಡಿಮೆಯಾದುದನ್ನು ತುಂಬಿಸಿದಳು. ಇದೇ ಅವಧಾನ. ಅವಧಾನವೆಂದರೆ ಎಚ್ಚರ, ಕೈ ಮಾಡುತ್ತಿರುವ ಕೆಲಸದಲ್ಲಿ ಮನಸ್ಸನ್ನು ಮರಳಿ ಮರಳಿ ತಂದು ಕೂಡಿಸುವದು. ಪ್ರಸಾದಿಯು ತುತ್ತುತುತ್ತಿಗೆ ಎಚ್ಚರವಾಗಿರುವಂತೆ ಕಾಯಕದವನು ಎಳೆಎಳೆಗೆ ಎಚ್ಚರವಾಗಿರಬೇಕು. ನೂಲುವವನ ಗಮನವು ತಪ್ಪಿದರೆ ಕಡಿದ ಎಳೆಯು ಹಾಗೆಯೇ ಉಳಿಯುವದು. ಅದಕ್ಕೆ ಹೊಸಬ, ಹಳಬ ಎಂಬ ಭೇದವಿಲ್ಲ.

ಅವಧಾನವು ಬರಿಯ ಸಂಕಲ್ಪದಿಂದ ಬಾರದು. ಅದಕ್ಕೆ ಕೃಷಿ ಬೇಕು. ಮೂಡಲಗಿಯ ಒಕ್ಕಲಿಗನಿಗೆ ಈ ಮಾತು ಕಬ್ಬಿನಿಂದಲೇ ಗೊತ್ತು. ನಾಟಿ ಮಾಡಿದ ಕಬ್ಬನ್ನು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರುವದು ಕೂಳೆ ಬೆಳೆ. ಬೀಜದ ಖರ್ಚಿಲ್ಲ, ನಾಟಿಯ ಶ್ರಮವಿಲ್ಲ. ಆದುದರಿಂದ ಅದು ತಾನೇ ಬೆಳೆಯುವದೆಂದು ಅಲಕ್ಷ್ಯ ಮಾಡುವವರುಂಟು. ಅಂಥವರ ಹೊಲದಲ್ಲಿ ಇಳುವರಿಯು ವರುಷದಿಂದ ವರುಷಕ್ಕೆ ಕುಸಿಯುವದು. ಜಾಣನಾದ ರೈತನು ಕಬ್ಬು ಹೋದ ಕೂಡಲೇ ಉಳಿದ ಮೋಟುಗಳನ್ನು ನೆಲಮಟ್ಟಕ್ಕೆ ಸವರುವನು, ಸಾಲಿನ ಬದಿಯನ್ನು ಒಡೆದು ಹಳೆಯ ಬೇರುಗಳನ್ನು ಕತ್ತರಿಸುವನು, ಚಿಗುರದೆ ಉಳಿದ ತೆರವಿನಲ್ಲಿ ಹೊಸ ಸಸಿಯನ್ನು ಹಚ್ಚುವನು, ತಡಮಾಡದೆ ಗೊಬ್ಬರವನ್ನು ಕೊಡುವನು. ಆಗ ಹಳೆಯ ಬುಡದಿಂದಲೇ ಹೊಸ ಬೆಳೆ ಬರುವದು.

ನಡುವಯಸ್ಸಿನ ದುಡಿಮೆಯು ಕೂಳೆ ಬೆಳೆಯಂಥದು. ಬಡ್ತಿ ಆಗಲಿಲ್ಲವೆಂಬ ಹಳೆಯ ಕಹಿಯನ್ನು ಮೋಟಿನಂತೆ ನೆಲಕ್ಕೆ ಸವರಬೇಕು. ಬಿಗಿದುಕೊಂಡ ರೂಢಿಯನ್ನು ಒಡೆಯಬೇಕು. ಇಪ್ಪತ್ತು ವರುಷ ಒಂದೇ ರೀತಿಯಲ್ಲಿ ಕಲಿಸಿದ ಪಾಠವನ್ನು ಇನ್ನೊಂದು ರೀತಿಯಲ್ಲಿ ಕಲಿಸಿ ನೋಡಬೇಕು. ತನ್ನಲ್ಲಿ ತೆರವಾಗಿ ಉಳಿದ ಜಾಗವನ್ನು ಗುರುತಿಸಿ ಅಲ್ಲಿ ಹೊಸ ವಿದ್ಯೆಯನ್ನು ನೆಡಬೇಕು. ಕಾಗದದ ಲೆಕ್ಕವನ್ನು ಬಲ್ಲವನು ಗಣಕಯಂತ್ರದ ಲೆಕ್ಕವನ್ನು ತನ್ನ ಮಗನ ವಯಸ್ಸಿನವನಿಂದ ಕಲಿಯಲು ನಾಚಬಾರದು.

ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯೂ ಇದನ್ನೇ ಬೋಧಿಸುವದು. ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ನೂರಾರು ಜನರನ್ನು ದುಡಿಸಿ ಹೆಸರಾಗಿದ್ದ ಆ ಕರ್ಮಯೋಗಿಯ ಬಳಿಗೆ ಅಲ್ಲಮಪ್ರಭುವು ಬಂದು, ಅವನನ್ನು ಒಡ್ಡನೆಂದು ಕರೆದು ಕೆಣಕಿದನು. ಅಲ್ಲಮನು ಕೆರೆಯನ್ನು ಜರೆಯಲಿಲ್ಲ. ಕಟ್ಟುವವನ ಒಳಗು ಖಾಲಿ ಉಳಿಯಬಾರದೆಂದು ಎಚ್ಚರಿಸಿದನು. ಕೆಲಸವು ದೊಡ್ಡದಾಗುತ್ತ ಹೋದಂತೆ ಕೆಲಸಗಾರನು ಸಣ್ಣವನಾಗುವ ಅಪಾಯವು ನಡುವಯಸ್ಸಿನಲ್ಲಿಯೇ ಹೆಚ್ಚು. ಸಿದ್ಧರಾಮನು ಸಿಟ್ಟಿಗೇಳದೆ, ಕಲ್ಯಾಣಕ್ಕೆ ನಡೆದು, ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ಲಿಂಗದೀಕ್ಷೆಯನ್ನು ಪಡೆದನು. ನಡುವಯಸ್ಸಿನಲ್ಲಿ ಮತ್ತೆ ಶಿಷ್ಯನಾಗಬಲ್ಲವನಿಗೆ ಬರಗಾಲವಿಲ್ಲ.

ನಾಲ್ಕನೆಯ ಹಂತ: ಅನುಭವ

ಅವಧಾನದಿಂದ ನಡುವಯಸ್ಸನ್ನು ದಾಟಿದವನಿಗೆ ಅನುಭವವು ಫಲವಾಗಿ ದೊರೆಯುವದು. ಗೋಕಾಕದ ಕರದಂಟು ನಾಡಿಗೆಲ್ಲ ಪ್ರಸಿದ್ಧ. ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ ಇಷ್ಟಿಷ್ಟು ಎಂದು ಯಾರಾದರೂ ಬರೆದುಕೊಳ್ಳಬಹುದು. ಬೆಲ್ಲದ ಪಾಕವು ಯಾವ ಗಳಿಗೆಯಲ್ಲಿ ಹದಕ್ಕೆ ಬಂದಿತೆಂಬದನ್ನು ಬರೆದುಕೊಳ್ಳಲಾಗದು. ಅದನ್ನು ನೊರೆಯ ಬಣ್ಣದಿಂದ, ಎಳೆಯ ಅಂಟಿನಿಂದ, ಕುದಿಯುವ ಸದ್ದಿನಿಂದ ಅರಿಯುವ ಹಿರಿಯನು ಒಲೆಯ ಪಕ್ಕದಲ್ಲಿ ಇರಬೇಕು. ಅವನ ತೃಪ್ತಿಯು ಈಗ ಸೌಟು ತಿರುವುವದರಲ್ಲಿ ಇಲ್ಲ. ಎಳೆಯರಿಗೆ ಆ ಹದವನ್ನು ತೋರಿಸಿಕೊಡುವದರಲ್ಲಿ ಇದೆ. ಗೋಕಾಕದ ಮರದ ಗೊಂಬೆ, ಬಣ್ಣದ ಹಣ್ಣುಗಳನ್ನು ಮಾಡುವವರ ಮನೆಗಳಲ್ಲಿಯೂ ವಿದ್ಯೆಯು ಹೀಗೆಯೇ ಕೈಯಿಂದ ಕೈಗೆ ಇಳಿದು ಬಂದಿದೆ.

ಐವತ್ತರ ಬಳಿಕ ತೃಪ್ತಿಯ ಸೆಲೆ ಇದೇ: ತನ್ನ ಅರಿವನ್ನು ಇನ್ನೊಬ್ಬರ ಕೈಯಲ್ಲಿ ಕಾಣುವದು. ಇದು ವಿದ್ಯೆಯ ದಾಸೋಹ. ಅನುಭವವನ್ನು ಬಚ್ಚಿಟ್ಟುಕೊಳ್ಳುವವನು, ತಾನಿಲ್ಲದಿದ್ದರೆ ಕೆಲಸವು ನಿಲ್ಲಬೇಕೆಂದು ಒಳಗೊಳಗೆ ಬಯಸುವವನು, ತನ್ನ ಕೊನೆಯ ಹತ್ತು ವರುಷಗಳನ್ನು ಭಯದಲ್ಲಿ ಕಳೆಯುವನು. ಹಂಚುವವನು ಅವುಗಳನ್ನು ಗೌರವದಲ್ಲಿ ಕಳೆಯುವನು.

ಇದಕ್ಕೆ ಈ ನೆಲದಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಕಂಬಾರರ ಮನೆಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಬಡತನದಿಂದ ಓದನ್ನು ಬಿಡಬೇಕಾದ ಹೊತ್ತಿನಲ್ಲಿ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ಓದಿನ ಹೊಣೆಯನ್ನು ಹೊತ್ತರು. ಓದಿ, ಅಧ್ಯಾಪಕರಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಕಲಿಸಿ, ಕವಿಯೂ ನಾಟಕಕಾರರೂ ಆಗಿ ಹೆಸರು ಗಳಿಸಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಅವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಹೊಸ ಸಂಸ್ಥೆಯೊಂದನ್ನು ಕಟ್ಟುವ ಕೆಲಸಕ್ಕೆ ನಿಂತರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಎಂಬತ್ತು ದಾಟಿದ ಬಳಿಕ 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷ ಪದವಿ ಬಂದಿತು. ಚಿಕ್ಕಂದಿನಲ್ಲಿ ಮಠದಿಂದ ಪಡೆದ ವಿದ್ಯೆಯ ದಾಸೋಹವು ಹಿರಿತನದಲ್ಲಿ ನಾಡಿಗೆ ಮರಳಿ ಸಂದುದನ್ನು ಇಲ್ಲಿ ಕಾಣಬಹುದು. ಎಲ್ಲರಿಗೂ ಇಂಥ ಪದವಿಗಳು ಬಾರವು. ಆದರೆ ಪಡೆದುದನ್ನು ಮರಳಿಸುವ ಅವಕಾಶವು ಎಲ್ಲರಿಗೂ ಬರುವದು.

ಕೊನೆಯ ಹಂತ: ಆನಂದ, ಸಮರಸ

ಕರ್ನಾಟಕದ ಸರಕಾರಿ ನೌಕರರ ನಿವೃತ್ತಿಯ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಅರುವತ್ತು ತುಂಬಿದ ತಿಂಗಳ ಕೊನೆಯ ದಿನ ಶಾಲು, ಹಾರ, ಭಾಷಣಗಳಾಗುವವು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹೋಗಬೇಕಾದ ಸ್ಥಳವಿಲ್ಲ. ಹುದ್ದೆಯನ್ನೇ ತಾನೆಂದು ತಿಳಿದವನಿಗೆ ಆ ದಿನವು ಸಾವಿನಂತೆ ತೋರುವದು. ಹುದ್ದೆಗೆ ನಿವೃತ್ತಿಯುಂಟು, ಕಾಯಕಕ್ಕೆ ನಿವೃತ್ತಿಯಿಲ್ಲವೆಂಬ ಮಾತಿನ ಅರ್ಥವನ್ನು ಆಗ ತಿಳಿಯಬೇಕು.

ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದನೆಂದು ಪರಂಪರೆ ಹೇಳುವದು. ಅಲ್ಲಿ ಅವನು ಕಟ್ಟಿಗೆಯ ಹೊರೆ ಹೊತ್ತು ಮಾರಿ ದಾಸೋಹ ನಡೆಸಿದನು. ಸಿಂಹಾಸನದಿಂದ ಕಟ್ಟಿಗೆಯ ಹೊರೆಗೆ ಇಳಿದವನಿಗೆ ಅದು ಇಳಿತವೆಂದು ತೋರಲಿಲ್ಲ. ಏಕೆಂದರೆ ಅಳತೆಗೋಲೇ ಬದಲಾಗಿತ್ತು. ಎಷ್ಟು ಜನರು ತನಗೆ ಕೈಮುಗಿದರೆಂಬದು ಹಳೆಯ ಅಳತೆ. ಎಷ್ಟು ಜನರಿಗೆ ತನ್ನಿಂದ ತುತ್ತು ದೊರೆಯಿತೆಂಬದು ಹೊಸ ಅಳತೆ. ನಿವೃತ್ತನಾದ ಮಾಸ್ತರನು ಸಂಜೆ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುವದು, ನಿವೃತ್ತನಾದ ಲೆಕ್ಕಿಗನು ಮಠದ ಇಲ್ಲವೆ ಸಹಕಾರಿ ಸಂಘದ ಲೆಕ್ಕವನ್ನು ಚೊಕ್ಕವಾಗಿಡುವದು, ದುಡಿದು ದಣಿದ ಒಕ್ಕಲಿಗನು ನೇಗಿಲನ್ನು ಮಗನಿಗೆ ಒಪ್ಪಿಸಿ ಬೀಜದ ಆಯ್ಕೆಯಲ್ಲಿ ಸಲಹೆ ಕೊಡುವದು, ಇವೆಲ್ಲ ಪಗಾರವಿಲ್ಲದ ಕಾಯಕಗಳು. ಬೇಡದ ಸಲಹೆಯನ್ನು ಕೊಡದಿರುವದೂ ಈ ವಯಸ್ಸಿನ ಒಂದು ಕಾಯಕವೇ. ಮಾಡುವೆನೆಂಬ ಭಾವವು ಕರಗಿ, ಮಾಡಿದವರಾರು, ಮಾಡಿಸಿಕೊಂಡವರಾರು ಎಂಬ ಭೇದವು ಅಳಿದಾಗ ಆನಂದವು ಸಮರಸಕ್ಕೆ ತಿರುಗುವದು.

ಮನೆಯ ಕಾಯಕ

ಇಲ್ಲಿಯವರೆಗೆ ಹೇಳಿದ ಹಂತಗಳೆಲ್ಲ ಪಗಾರದ ಕೆಲಸಕ್ಕೇ ಸಂಬಂಧಿಸಿದವೆಂದು ತಿಳಿಯಲಾಗದು. ರೊಟ್ಟಿ ಬಡಿಯುವ, ಮಕ್ಕಳನ್ನು ಸಾಕುವ, ಹಿರಿಯರ ಸೇವೆ ಮಾಡುವ ಮನೆಯಾಕೆಗೂ ಶ್ರದ್ಧೆಯ ದಿನಗಳು, ಬೇಸರದ ದಿನಗಳು ಉಂಟು. ಅವಳಿಗೆ ಕಾಲಬದ್ಧ ಬಡ್ತಿಯಿಲ್ಲ, ಅರುವತ್ತಕ್ಕೆ ಶಾಲು-ಹಾರವಿಲ್ಲ, ರವಿವಾರದ ರಜೆಯೂ ಇಲ್ಲ. ಭತ್ತ ಕುಟ್ಟಿದ ಸೋಮವ್ವೆಯನ್ನು ಶರಣಪಂಕ್ತಿಯಲ್ಲಿ ಕೂಡಿಸಿದ ಧರ್ಮವನ್ನು ಅನುಸರಿಸುವವರು ತಮ್ಮ ಅಡಿಗೆಯ ಮನೆಯ ಕಾಯಕವನ್ನು ಕಾಣದೆ ಹೋಗುವದು ತರವಲ್ಲ. ತಟ್ಟೆಯ ಮುಂದೆ ಕುಳಿತ ಗೃಹಸ್ಥನು ಒಂದು ಒಳ್ಳೆಯ ಮಾತನ್ನಾಡುವದು, ಉಂಡ ತಟ್ಟೆಯನ್ನು ತಾನೇ ಎತ್ತುವದು, ಅವಳಿಗೂ ವಾರಕ್ಕೊಂದು ಸಂಜೆಯ ಬಿಡುವನ್ನು ಮಾಡಿಕೊಡುವದು ದೊಡ್ಡ ತ್ಯಾಗಗಳೇನೂ ಅಲ್ಲ.

ಒಂದು ಎಚ್ಚರಿಕೆ

ಕಾಯಕತತ್ತ್ವವನ್ನು ದುಡಿಯುವವರ ಬಾಯಿ ಮುಚ್ಚಿಸುವ ಕೋಲನ್ನಾಗಿ ಬಳಸುವವರಿದ್ದಾರೆ. ನ್ಯಾಯವಾದ ಪಗಾರವನ್ನು ಕೇಳಿದವನಿಗೆ ತೃಪ್ತಿಯನ್ನು ಬೋಧಿಸುವದು ಶರಣಧರ್ಮವಲ್ಲ. ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ತಾನಾಗಿ ಮರಳಿಸಿದಳು; ಯಾರೂ ಅವಳ ಪಾಲಿನ ಅಕ್ಕಿಯನ್ನು ಕಸಿದುಕೊಂಡು ತೃಪ್ತಳಾಗಿರೆಂದು ಹೇಳಲಿಲ್ಲ. ಅಮೇರಿಕದ ಹರ್ಜ್‌ಬರ್ಗನು ಪಿಟ್ಸ್‌ಬರ್ಗ್ ಪರಿಸರದ ಸುಮಾರು ಇನ್ನೂರು ಇಂಜಿನಿಯರರನ್ನೂ ಲೆಕ್ಕಿಗರನ್ನೂ ವಿಚಾರಿಸಿ 1959ರಲ್ಲಿ ಒಂದು ಭೇದವನ್ನು ತೋರಿಸಿದನು. ಕಡಿಮೆ ಪಗಾರ, ಕೆಟ್ಟ ಮೇಲ್ವಿಚಾರಣೆ, ಅನಾನುಕೂಲವಾದ ಸ್ಥಳ ಇವು ಅತೃಪ್ತಿಯನ್ನು ಹುಟ್ಟಿಸುವವು. ಇವುಗಳನ್ನು ಸರಿಪಡಿಸಿದರೆ ಅತೃಪ್ತಿ ನೀಗುವದು, ಆದರೆ ಅಷ್ಟರಿಂದಲೇ ತೃಪ್ತಿ ಹುಟ್ಟದು. ತೃಪ್ತಿಯು ಕೆಲಸದೊಳಗಿನ ಸಾಧನೆ, ಹೊಣೆ, ಬೆಳವಣಿಗೆಗಳಿಂದ ಬರುವದು. ಈ ಭೇದವನ್ನು ಎಲ್ಲ ವಿದ್ವಾಂಸರೂ ಪೂರ್ಣವಾಗಿ ಒಪ್ಪಿಲ್ಲ. ಆದರೂ ಗೃಹಸ್ಥನ ವಿವೇಕಕ್ಕೆ ಅದು ಉಪಯುಕ್ತ. ಧಣಿಯು ಮೊದಲನೆಯದನ್ನು ಸರಿಪಡಿಸದೆ ಎರಡನೆಯದನ್ನು ಬೋಧಿಸಬಾರದು. ದುಡಿಯುವವನು ಮೊದಲನೆಯದು ದೊರೆತ ಮೇಲೆಯೂ ಎರಡನೆಯದನ್ನು ಹುಡುಕದೆ ಇರಬಾರದು.

ಹಾಗೆಯೇ, ಮೈಗೂ ಮನಸ್ಸಿಗೂ ಸಲ್ಲದ ಕೆಲಸವನ್ನು ಬಿಟ್ಟು ಸತ್ಯಶುದ್ಧವಾದ ಇನ್ನೊಂದನ್ನು ಹಿಡಿಯುವದು ನಿಷ್ಠಾಭಂಗವಲ್ಲ. ಬೇಸರ ಬಂದಾಗಲೆಲ್ಲ ಕೆಲಸವನ್ನು ಬದಲಿಸುವದು ಮಾತ್ರ ಚಂಚಲತೆ. ಎರಡಕ್ಕೂ ಇರುವ ಅಂತರವನ್ನು ತಿಳಿಯಲು ಒಂದೇ ಪ್ರಶ್ನೆ ಸಾಕು: ಬೇಸರವು ಕೆಲಸದಲ್ಲಿದೆಯೋ, ಕೆಲಸದಿಂದ ಎದ್ದು ಹೋದ ಮನಸ್ಸಿನಲ್ಲಿದೆಯೋ?

ಆಚರಣೆಗೆ

ಸದ್ಭಕ್ತರು ವರುಷಕ್ಕೊಮ್ಮೆಯಾದರೂ, ಬಸವಜಯಂತಿಯ ದಿನವೋ ತಾವು ಕೆಲಸಕ್ಕೆ ಸೇರಿದ ದಿನವೋ, ಪೂಜೆಯ ನಂತರ ಕೆಲವು ಗಳಿಗೆ ಕುಳಿತು ತಮ್ಮನ್ನು ತಾವು ವಿಚಾರಿಸಿಕೊಳ್ಳುವದು ಹಿತಕರ. ಈ ವರುಷ ಹೊಸದಾಗಿ ಕಲಿತುದು ಏನು? ದುಡಿಮೆಯ ಫಲವು ಯಾರ ಮನೆಯನ್ನು ಮುಟ್ಟಿತು? ಮನಸ್ಸು ಎಷ್ಟು ದಿನ ಕೆಲಸದಲ್ಲಿತ್ತು, ಎಷ್ಟು ದಿನ ಪಕ್ಕದವನ ತಟ್ಟೆಯಲ್ಲಿತ್ತು? ಬಲ್ಲುದನ್ನು ಯಾರಿಗೆ ಕಲಿಸಿಕೊಟ್ಟಿತು ಕೈ? ಮೊದಲ ಪ್ರಶ್ನೆಗೆ ಉತ್ತರವಿಲ್ಲದ ವಯಸ್ಸಿನಲ್ಲಿ ಎರಡನೆಯದಕ್ಕೆ ಇರಬಹುದು. ಮೂರನೆಯದರಲ್ಲಿ ಸೋತವನು ನಾಲ್ಕನೆಯದರಲ್ಲಿ ಗೆಲ್ಲಬಹುದು. ಯಾವದಾದರೂ ಒಂದಕ್ಕೆ ಸತ್ಯವಾದ ಉತ್ತರವಿದ್ದರೆ ಸೆಲೆಯು ಬತ್ತಿಲ್ಲವೆಂದೇ ತಿಳಿಯಬೇಕು.

ಘಟಪ್ರಭೆಯು ಹಿಡಕಲ್ಲಿನಲ್ಲಿ ನಿಂತು ತುಂಬುವದು, ಗೋಕಾಕದಲ್ಲಿ ಭೋರ್ಗರೆದು ಧುಮುಕುವದು, ಬಯಲಿಗೆ ಬಂದು ಸದ್ದಿಲ್ಲದೆ ಹರಿಯುವದು. ನಿಂತಲ್ಲಿ ಅದು ನಾಳೆಯ ಬೆಳೆ, ಧುಮುಕಿದಲ್ಲಿ ಶಕ್ತಿ, ಹರಿದಲ್ಲಿ ಕಬ್ಬಿನ ಬುಡದ ತಂಪು. ಮೂರು ಕಡೆಯೂ ನೀರು ಅದೇ. ದುಡಿಯುವವನ ಹುರುಪೂ ಹೀಗೆ ರೂಪವನ್ನು ಬದಲಿಸಿದರೂ ಮೂಲದಲ್ಲಿ ಒಂದೇ ಆಗಿರಲಿ. ಅದರ ಹೆಸರು ಕಾಯಕವಾಗಿರಲಿ, ಅದರ ದಾರಿ ದಾಸೋಹವಾಗಿರಲಿ, ಅದರ ಕೊನೆ ಪ್ರಸಾದವಾಗಿರಲಿ.